ಹೊಸ ಅಧಿಕಾರಿಯನ್ನು ಯಾವ ದಳಕ್ಕೆ ಹಾಕಬೇಕು?

ಪದವಿಯಾದ ಮೇಲೆ ಸೈನ್ಯಾಧಿಕಾರಿಗಳ ಪರೀಕ್ಷೆಗೆ ಕುಳಿತುಕೊಳ್ಳಬೇಕೆಂಬ ಯೋಚನೆಯನ್ನು ಕಳೆದ ರಜೆಯಲ್ಲಿ ಮನೆಯಲ್ಲಿ ತಿಳಿಸಿದೆ. ಓದುಬರಹ ಕಾಣದ ನನ್ನ ತಂದೆಯವರು ಒಂದೇ ಪ್ರಶ್ನೆ ಕೇಳಿದರು: "ದಂಡಿಗೆ ಸೇರಿಸಿಕೊಂಡ ಮೇಲೆ ನಿನ್ನನ್ನು ಯಾವ ಕೆಲಸಕ್ಕೆ ಹಾಕ್ತಾರಪ್ಪಾ? ಅದನ್ನು ಗೊತ್ತು ಮಾಡೋರು ಯಾರು?" ಎನ್.ಸಿ.ಸಿ.ಯಲ್ಲಿ ಮೂರು ವರ್ಷ ಕವಾಯತು ಮಾಡಿದ ನನಗೆ ಉತ್ತರ ಹೊಳೆಯಲಿಲ್ಲ. ಕಾಲೇಜಿಗೆ ಮರಳಿದ ಮೇಲೆ ಗ್ರಂಥಭಂಡಾರದಲ್ಲಿ ಹುಡುಕುತ್ತ ಹೋದಂತೆ, ಇದೇ ಪ್ರಶ್ನೆ ಒಂದು ಕಾಲದಲ್ಲಿ ದೇಶದ ರಾಜಕಾರಣಕ್ಕೂ ಸೇರಿತ್ತೆಂದು ತಿಳಿದು ಆಶ್ಚರ್ಯವಾಯಿತು.

ಸೈನ್ಯವೆಂದರೆ ಬಂದೂಕು ಹಿಡಿದವರ ಗುಂಪು ಮಾತ್ರವಲ್ಲ. ಪದಾತಿಗಳು, ಟ್ಯಾಂಕುಗಳನ್ನು ನಡೆಸುವವರು, ಫಿರಂಗಿ ದಳದವರು, ಸೇತುವೆ ಕಟ್ಟುವ ಎಂಜಿನಿಯರುಗಳು, ಸುದ್ದಿ ಮುಟ್ಟಿಸುವ ಸಿಗ್ನಲ್ಸ್ ದಳ, ದವಸ ಇಂಧನಗಳನ್ನು ಸಾಗಿಸುವ ಸರ್ವಿಸ್ ಕೋರ್ ಮೊದಲಾದ ಶಾಖೆಗಳುಂಟು. ಡೆಹರಾಡೂನಿನ ಅಕಾಡೆಮಿಯಲ್ಲಿ ಶಿಕ್ಷಣ ಮುಗಿಸುವ ಕೆಡೆಟ್ಟನು ತನಗೆ ಯಾವ ಶಾಖೆ ಬೇಕೆಂದು ಬರೆದುಕೊಡುತ್ತಾನೆ. ಅವನ ಇಷ್ಟ, ಅವನು ಗಳಿಸಿದ ಸ್ಥಾನ, ಆಯಾ ಶಾಖೆಯಲ್ಲಿ ತೆರವಾಗಿರುವ ಜಾಗ, ಈ ಮೂರನ್ನೂ ತೂಗಿ ಹಂಚುತ್ತಾರೆ. ಮುಂದಿನ ಸ್ಥಾನ ಪಡೆದವರೆಲ್ಲ ಒಂದೇ ದಳಕ್ಕೆ ಮುಗಿಬೀಳದಂತೆ ನೋಡಿಕೊಳ್ಳುವುದೂ ಇದರೊಳಗೆ ಸೇರಿದೆ.

ಹಂಚಿದ ಮಾತ್ರಕ್ಕೆ ಮುಗಿಯಲಿಲ್ಲ. ಸರ್ವಿಸ್ ಕೋರಿಗೆ ಸೇರಿದ ತರುಣನನ್ನು ಮೊದಲ ವರ್ಷಗಳಲ್ಲೇ ಕೆಲಕಾಲ ಪದಾತಿಗಳ ಬೆಟಾಲಿಯನ್ನಿಗೆ (ನಮ್ಮ ಹಳ್ಳಿಯ ಹಿರಿಯರು ಪಟಾಲಂ ಎನ್ನುವುದು ಇದನ್ನೇ) ಕಳುಹಿಸುವ ವಾಡಿಕೆಯುಂಟು. ಗುಡ್ಡದ ಮೇಲಿನ ಠಾಣೆಗೆ ರೊಟ್ಟಿಯ ಹಿಟ್ಟು ಒಂದು ದಿನ ತಡವಾದರೆ ಏನಾಗುವುದೆಂಬುದನ್ನು ಆ ಠಾಣೆಯಲ್ಲಿ ಇದ್ದು ನೋಡಿದವನು ಮರೆಯಲಾರನು. ಪದಾತಿಯ ಅಧಿಕಾರಿಯೂ ಅಷ್ಟೇ. ತನ್ನ ಬೆಟಾಲಿಯನ್ನು, ತರಬೇತಿ ಶಾಲೆ, ಮೇಲಿನವರ ಕಚೇರಿ, ಪುನಃ ಬೆಟಾಲಿಯನ್ನು, ಹೀಗೆ ಸುತ್ತುತ್ತಾನೆ. ಬ್ರಿಗೇಡಿಯರ್ ಆದವನು ಎಲ್ಲ ಶಾಖೆಗಳನ್ನೂ ಒಟ್ಟಿಗೆ ನಡೆಸಬೇಕು. 2023ರ ಆಗಸ್ಟಿನಿಂದ ಆ ದರ್ಜೆಯವರೂ ಅವರ ಮೇಲಿನವರೂ ತಮ್ಮ ತಮ್ಮ ರೆಜಿಮೆಂಟಿನ ಗುರುತುಗಳನ್ನು ಬಿಟ್ಟು ಒಂದೇ ಬಗೆಯ ಸಮವಸ್ತ್ರ ಧರಿಸುತ್ತಾರೆ.

ಇನ್ನು ಹಿಂದಿನ ಕಾಲದ ಮಾತಿಗೆ ಬರೋಣ. 1918ರಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಶಾಲೆಗೆ ಕೆಲವೇ ಭಾರತೀಯರು ಪ್ರವೇಶ ಪಡೆಯತೊಡಗಿದರು. ಅಲ್ಲಿಂದ ಹೊರಬಂದವರು ಮೊದಲು ಸುಮಾರು ಒಂದು ವರ್ಷ ಬ್ರಿಟಿಷ್ ಬೆಟಾಲಿಯನ್ನಿನಲ್ಲಿದ್ದು, ತರುವಾಯ ಭಾರತೀಯ ರೆಜಿಮೆಂಟಿಗೆ ಹೋಗಬೇಕು. ನಮ್ಮ ಮಡಿಕೇರಿಯ ತಿಮ್ಮಯ್ಯನವರು 1926ರಲ್ಲಿ ಅಧಿಕಾರಿಯಾದಾಗ ಮೊದಲು ಹೈಲೆಂಡ್ ಲೈಟ್ ಇನ್‌ಫೆಂಟ್ರಿಯಲ್ಲಿದ್ದು, ಅನಂತರ 19ನೆಯ ಹೈದರಾಬಾದ್ ರೆಜಿಮೆಂಟಿನ 4ನೆಯ ಬೆಟಾಲಿಯನ್ನಿಗೆ ಹೋದರು. ಆ ಬೆಟಾಲಿಯನ್ನು ಯಾವುದೋ ಒಂದಲ್ಲ. 1923ರಲ್ಲಿ ಸರಕಾರವು ಎಂಟು ದಳಗಳನ್ನು ಆರಿಸಿ, ಭಾರತೀಯ ಅಧಿಕಾರಿಗಳನ್ನು ಅವುಗಳಿಗೇ ಹಾಕತಕ್ಕದ್ದೆಂದು ಗೊತ್ತುಮಾಡಿತ್ತು. ಎರಡು ಅಶ್ವದಳ, ಐದು ಪದಾತಿ, ಒಂದು ಪಯನಿಯರ್; ಅವುಗಳಲ್ಲಿ ಇದೂ ಒಂದು.

ಭಾರತೀಯರು ದಳ ನಡೆಸಬಲ್ಲರೇ ಎಂದು ಪರೀಕ್ಷಿಸಿ ನೋಡೋಣವೆಂಬುದು ಸರಕಾರದ ವಾದ. ಬ್ರಿಟಿಷನೊಬ್ಬನು ಭಾರತೀಯನ ಕೈಕೆಳಗೆ ಕೆಲಸ ಮಾಡುವ ಪ್ರಸಂಗವೇ ಬಾರದಿರಲೆಂಬುದು ಒಳಗಿನ ಮಾತೆಂದು ನಮ್ಮವರು ಹೇಳಿದರು. ನನಗೆ ಎರಡನೆಯದೇ ಸರಿಯೆಂದು ತೋರುತ್ತದೆ. ಪರೀಕ್ಷೆಯೇ ಉದ್ದೇಶವಾಗಿದ್ದರೆ ಫಿರಂಗಿ, ಎಂಜಿನಿಯರಿಂಗ್, ಸಿಗ್ನಲ್ಸ್ ದಳಗಳ ಬಾಗಿಲನ್ನು ಮುಚ್ಚಿಡುವ ಅಗತ್ಯವೇನಿತ್ತು? ಫಿರಂಗಿಯವರನ್ನು ತಯಾರಿಸುತ್ತಿದ್ದ ಊಲಿಚ್ ಶಾಲೆಗೆ ಆಗ ನಮ್ಮವರಿಗೆ ಪ್ರವೇಶವಿರಲಿಲ್ಲ. ಕೆಲಸ ಕೊಟ್ಟಂತೆಯೂ ಆಗಬೇಕು, ಮುಂದೆ ಹೋಗುವ ದಾರಿ ಕಿರಿದಾಗಿಯೂ ಇರಬೇಕು, ಹಾಗಿತ್ತು ಆ ವ್ಯವಸ್ಥೆ.

ಮೋತಿಲಾಲ್ ನೆಹರು ಮತ್ತು ಜಿನ್ನಾ ಸದಸ್ಯರಾಗಿದ್ದ ಸ್ಕೀನ್ ಸಮಿತಿಯು ಈ ಎಂಟರ ಕಟ್ಟನ್ನು ತೆಗೆದುಹಾಕಬೇಕೆಂದೂ ಉಳಿದ ಶಾಖೆಗಳನ್ನು ತೆರೆಯಬೇಕೆಂದೂ ಸಲಹೆ ಮಾಡಿತು. ಸರಕಾರ ಮೊದಲನೆಯದನ್ನು ಒಪ್ಪಲಿಲ್ಲ. ಎರಡನೆಯದಕ್ಕೆ ಮೆಲ್ಲಗೆ ಮಣಿಯಿತು. 1932ರಲ್ಲಿ ಡೆಹರಾಡೂನಿನ ಅಕಾಡೆಮಿ ಪ್ರಾರಂಭವಾಯಿತು. 1935ರ ಜನವರಿ 15ರಂದು 'ಎ' ಫೀಲ್ಡ್ ಬ್ರಿಗೇಡ್ ಎಂಬ ಭಾರತೀಯ ಫಿರಂಗಿ ದಳ ಸ್ಥಾಪನೆಯಾಯಿತು. ಅದೂ ನಮ್ಮ ಬೆಂಗಳೂರಿನಲ್ಲಿ! ಎರಡನೆಯ ಮಹಾಯುದ್ಧದ ಒತ್ತಡದಲ್ಲಿ ಎಂಟರ ಕಟ್ಟೂ ಕಳಚಿಬಿತ್ತು.

ಕೊಡಗಿನವರೇ ಆದ ಕಾರ್ಯಪ್ಪನವರ ದಾರಿಯನ್ನು ಇದರ ಜೊತೆಗಿಟ್ಟು ನೋಡಬೇಕು. 1919ರಲ್ಲಿ ಕರ್ನಾಟಿಕ್ ಪದಾತಿಯಿಂದ ಹೊರಟು, ಒಂದೆರಡು ದಳಗಳನ್ನು ದಾಟಿ, 7ನೆಯ ರಜಪೂತ್ ರೆಜಿಮೆಂಟಿನ 1ನೆಯ ಬೆಟಾಲಿಯನ್ನಿನಲ್ಲಿ ನೆಲೆಸಿದರು. ಅದೂ ಆ ಎಂಟರಲ್ಲೊಂದು. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಹೋದ ಮೊದಲ ಭಾರತೀಯರು ಅವರೇ. ಬೆಟಾಲಿಯನ್ನೊಂದರ ಅಧಿಪತ್ಯ ಕೈಗೆ ಬಂದದ್ದು 1942ರಲ್ಲಿ, ಅಂದರೆ ಸೇರಿದ 23 ವರ್ಷಗಳ ಮೇಲೆ. ಅಲ್ಲಿಂದ ಏಳೇ ವರ್ಷ. 1949ರ ಜನವರಿ 15ರಂದು ಇಡೀ ಸೈನ್ಯ ಅವರ ಕೈಗೆ ಬಂದಿತು. ತಿಮ್ಮಯ್ಯನವರು 1957ರಲ್ಲಿ ಅದೇ ಪೀಠವನ್ನೇರಿದರು.

ಮೊನ್ನೆ ಊರಿಗೆ ಹೋದಾಗ ಇದಿಷ್ಟನ್ನೂ ತಂದೆಯವರಿಗೆ ಹೇಳಿದೆ. ಎಲ್ಲವನ್ನೂ ಕೇಳಿ, "ಈಗ ನಮ್ಮಂಥವರ ಮಕ್ಕಳಿಗೆ ಯಾವುದೂ ಮುಚ್ಚಿಲ್ಲ ತಾನೇ?" ಎಂದರು. ಇಲ್ಲವೆಂದೆ. "ಹಾಗಾದರೆ ನಿನ್ನ ಮನಸ್ಸು ಯಾವುದರ ಮೇಲಿದೆ?" ಪರೀಕ್ಷೆಯ ಅರ್ಜಿಯನ್ನೇ ಇನ್ನೂ ತುಂಬಿಲ್ಲ, ಆದರೂ ಫಿರಂಗಿ ದಳವೆಂದು ಹೇಳಿಬಿಟ್ಟೆ.