ಶರದೃತುವಿನಲ್ಲಿ ಎಲೆಗಳ ವರ್ಣಭೇದ: ಗುಡ್ಡದ ಸೊಬಗೂ ಹತ್ತಿಯ ಹೊಲದ ಸೂಚನೆಯೂ

ಆಶ್ವೀಜ ಕಾರ್ತಿಕ ಮಾಸಗಳೆರಡೂ ಕೂಡಿ ಶರದೃತುವೆನಿಸುವವು. ಈ ಕಾಲದಲ್ಲಿ ಮುಂಗಾರಿಯ ಮೋಡಗಳು ಚೆದರಿ ಆಕಾಶವು ತಿಳಿಯಾಗುವದು. ಕೆರೆಯ ನೀರು ನಿರ್ಮಲವಾಗುವದು. ಹಿಂಗಾರಿ ಜೋಳವು ಎರೆಭೂಮಿಯಲ್ಲಿ ಮೊಳೆತು ಸಾಲುಗಟ್ಟುವದು. ಶೀಗಿ ಹುಣ್ಣಿಮೆಯಲ್ಲಿ ಒಕ್ಕಲಿಗರು ಭೂಮಿತಾಯಿಯನ್ನು ಪೂಜಿಸಿ ಚರಗ ಚೆಲ್ಲುವದೂ ಈ ಕಾಲದಲ್ಲಿಯೇ. ಆಮೇಲೆ ಕೆಲವು ವಾರಗಳಲ್ಲಿ ರಾತ್ರಿಯ ಚಳಿಯು ಹೆಚ್ಚುತ್ತಲೆ, ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಗಳಲ್ಲಿ ಗಿಡಗಳ ಎಲೆಗಳು ಹಸಿರನ್ನು ಬಿಟ್ಟು ಹಳದಿ, ತಾಮ್ರ, ಕೆಂಪು ಬಣ್ಣಗಳನ್ನು ತಾಳತೊಡಗುವವು. ಗುಡ್ಡದ ಮೇಲೆ ಈ ಬದಲಾವಣೆಯು ಕಣ್ಣಿಗೆ ಹಬ್ಬ. ಆದರೆ ಅದೇ ಕೆಂಪು ಹತ್ತಿಯ ಹೊಲದಲ್ಲಿ ಕಾಲಕ್ಕೆ ಮುಂಚೆ ತೋರಿದರೆ ಅದು ಹಾನಿಯ ಸೂಚನೆಯಾಗಬಹುದು. ಇವೆರಡರ ಭೇದವನ್ನು ತಿಳಿಸುವದೇ ಈ ಪಾಠದ ಉದ್ದೇಶವು.

೧. ಎಲೆಯು ಬಣ್ಣ ತಿರುಗುವ ಬಗೆ

ಎಲೆಯು ಗಿಡದ ಅಡಿಗೆಮನೆ. ಅದರೊಳಗಿನ ಪತ್ರಹರಿತ್ತೆಂಬ ಹಸಿರು ದ್ರವ್ಯವು ಸೂರ್ಯನ ಬೆಳಕಿನ ಬಲದಿಂದ ಗಾಳಿಯನ್ನೂ ನೀರನ್ನೂ ಕೂಡಿಸಿ ಸಕ್ಕರೆಯನ್ನು ಸಿದ್ಧಪಡಿಸುವದು. ಎಲೆಯು ಮುಪ್ಪಾದಾಗ ಗಿಡವು ಈ ಹಸಿರನ್ನು ಒಡೆದು, ಅದರಲ್ಲಿಯ ಸಾರಜನಕ ಮೊದಲಾದ ಸತ್ವಗಳನ್ನು ಟೊಂಗೆಗಳಿಗೆ ಹಿಂದೆ ಸೆಳೆದುಕೊಳ್ಳುವದು. ಆಗ ಮೊದಲಿನಿಂದಲೂ ಎಲೆಯೊಳಗೆ ಅಡಗಿದ್ದ ಹಳದಿ ಬಣ್ಣವು ಹೊರಗೆ ತೋರುವದು. ಕೆಂಪು ಬಣ್ಣದ ರೀತಿಯೇ ಬೇರೆ. ಎಲೆಯೊಳಗಿನ ಸಕ್ಕರೆಯು ಸಾಗದೆ ನಿಂತಾಗ, ತಂಪು ರಾತ್ರಿ ಮತ್ತು ಪ್ರಖರವಾದ ಹಗಲು ಕೂಡಿದಾಗ, ಆಂಥೋಸಯನಿನ್ ಎಂಬ ಕೆಂಪು ದ್ರವ್ಯವು ಹೊಸದಾಗಿ ಹುಟ್ಟುವದು. ಕೊನೆಗೆ ತೊಟ್ಟಿನ ಬುಡದಲ್ಲಿ ಒಂದು ಪದರು ಬೆಳೆದು ಎಲೆಯು ಕಳಚಿ ಬೀಳುವದು.

ಶೀತದೇಶಗಳಲ್ಲಿ ಹಗಲು ಕುಗ್ಗಿ ಚಳಿಯು ಬಲಿಯುತ್ತಲೆ ಅರಣ್ಯಗಳೆಲ್ಲ ಕೆಲವೇ ವಾರಗಳಲ್ಲಿ ಬಣ್ಣವೇರಿ ಬೋಳಾಗುವವು. ನಮ್ಮಲ್ಲಿ ಚಳಿಗಿಂತಲೂ ನೆಲದ ತೇವವು ಆರುವದೇ ಮುಖ್ಯ ಕಾರಣವು. ಎಲೆಗಳ ಮುಖಾಂತರ ನೀರು ಆವಿಯಾಗಿ ಹೋಗುವದರಿಂದ, ಎಲೆ ಉದುರಿಸುವದು ಬೇಸಗೆಯನ್ನು ಕಳೆಯಲು ಗಿಡವು ಹೂಡಿದ ಮಿತವ್ಯಯವು. ಆದುದರಿಂದಲೇ ಇಲ್ಲಿಯ ವರ್ಣಭೇದವು ಶರತ್ತಿನ ಕೊನೆಗೆ ಮೊದಲಾಗಿ ಶಿಶಿರದವರೆಗೂ ಸಾಗುವದು.

೨. ಕಪ್ಪತಗುಡ್ಡದಲ್ಲಿ

ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡವು ಎಲೆಯುದುರುವ ಒಣ ಅರಣ್ಯವು. ಇದರ ಸುಮಾರು 244 ಚದರ ಕಿಲೋಮೀಟರ ಪ್ರದೇಶವನ್ನು 2019ರಲ್ಲಿ ವನ್ಯಜೀವಿಧಾಮವೆಂದು ಸಾರಲಾಯಿತು. ಇಂಥ ಅರಣ್ಯಗಳಲ್ಲಿ ದಿಂಡಿಗದ ಎಲೆಗಳು ಉದುರುವ ಮೊದಲು ತಾಮ್ರದಂತೆ ಕೆಂಪೇರುವವು. ಮುತ್ತುಗವು ಎಲೆ ಕಳಚಿ ಬರಿದಾದ ಟೊಂಗೆಗಳಲ್ಲಿ ಕೆಂಡದಂಥ ಹೂವನ್ನು ತಳೆಯುವದು. ಬೇವು ಶಿಶಿರದಲ್ಲಿ ಹಳದಿಯೆಲೆ ಉದುರಿಸಿ ಬೇಗನೆ ಚಿಗುರುವದು. ಆ ಚಿಗುರೂ ಕೆಂಪಾಗಿಯೇ ಇರುವದು. ಎಳೆಯ ಎಲೆಯ ಕೆಂಪು ಬಾಲ್ಯದ ಲಕ್ಷಣವು. ಹಣ್ಣೆಲೆಯ ಕೆಂಪು ಮುಪ್ಪಿನದು. ಇವೆರಡೂ ಆರೋಗ್ಯದ ಚಿಹ್ನೆಗಳೇ. ಇದೇ ಚಳಿಗಾಲದಲ್ಲಿ ಶಿರಹಟ್ಟಿಯ ಸಮೀಪದ ಮಾಗಡಿ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುವವು. ಈ ಕೆರೆಯು 2024ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಯಲ್ಲಿ ಸೇರಿತು.

೩. ಹತ್ತಿಯ ಹೊಲದಲ್ಲಿ ಕೆಂಪು

ಈ ಸೀಮೆಯ ಹತ್ತಿಯ ಕೀರ್ತಿ ಹಳೆಯದು. 19ನೆಯ ಶತಮಾನದ ಮಧ್ಯಭಾಗದಲ್ಲಿ ಧಾರವಾಡ ಪ್ರಾಂತಕ್ಕೆ ಬಂದ ಅಮೇರಿಕನ್ ಹತ್ತಿಯಿಂದ ಆರಿಸಿದ ‘ಗದಗ-1’ ಎಂಬ ತಳಿಯು ಈ ಊರಿನ ಹೆಸರನ್ನೇ ಹೊತ್ತಿತು. ಎಲೆ ಕೆಂಪಾಗುವ ದೋಷವು ದೇಶೀ ಹತ್ತಿಗಿಂತ ಅಮೇರಿಕನ್ ಜಾತಿಯ ತಳಿಗಳಲ್ಲಿಯೂ ಸಂಕರಗಳಲ್ಲಿಯೂ ಹೆಚ್ಚು. ಕಾಯಿಗಳು ಬಲಿತು ಅರಳಿದ ಮೇಲೆ ಎಲೆ ಕೆಂಪಾದರೆ ಭಯವಿಲ್ಲ. ಆದರೆ ಕಾಯಿಗಳು ಇನ್ನೂ ಎಳೆಯವಾಗಿರುವಾಗಲೇ ಕೆಂಪಾದರೆ, ಅವುಗಳಿಗೆ ಆಹಾರವು ಸಾಲದೆ ಕಾಯಿ ಸಣ್ಣಾಗುವದು, ಅರಳೆಯು ಹಗುರಾಗುವದು, ಮೊಗ್ಗುಗಳು ಉದುರುವವು. ವರುಷದ ಆದಾಯವೇ ಇದರಿಂದ ಕುಗ್ಗುವದು.

ಕೆಂಪನ್ನು ಕಂಡ ಕೂಡಲೆ ರೋಗವೆಂದು ಬಗೆದು ವಿಷದ ಔಷಧವನ್ನು ಸಿಂಪಡಿಸುವದು ಸರಿಯಲ್ಲ. ಮೊದಲು ಗಿಡವನ್ನು ಈ ರೀತಿಯಾಗಿ ಪರೀಕ್ಷಿಸತಕ್ಕದ್ದು:

(ಅ) ಕೆಳಗಿನ ಎಲೆಗಳಲ್ಲಿ ನರಗಳು ಹಸಿರಾಗಿಯೇ ಇದ್ದು ಅವುಗಳ ನಡುವಣ ಭಾಗವು ಮಾತ್ರ ಕೆಂಪಾದರೆ, ಮ್ಯಾಗ್ನೀಸಿಯಂ ಕೊರತೆಯು.
(ಆ) ಕೆಳಗಿನ ಎಲೆಗಳು ಮೊದಲು ಪೂರ್ತಿಯಾಗಿ ಹಳದಿಯಾಗಿ ಆಮೇಲೆ ಕೆಂಪಾದರೆ, ಗಿಡವೂ ಗಿಡ್ಡಾಗಿದ್ದರೆ, ಸಾರಜನಕದ ಕೊರತೆಯು.
(ಇ) ಎಲೆಯ ಅಂಚು ಹಳದಿಯಾಗಿ ಕೆಳಕ್ಕೆ ಮುದುಡಿ ಕೆಂಪಾದರೆ, ಎಲೆಯನ್ನು ಮಗುಚಿ ನೋಡಬೇಕು. ಅಡ್ಡವಾಗಿ ಸರಿದಾಡುವ ಹಸಿರು ಜಿಗಿಹುಳುಗಳು ಎಲೆಗೆ ಎರಡಕ್ಕಿಂತ ಹೆಚ್ಚಿದ್ದರೆ ಅವೇ ಕಾರಣವು.
(ಈ) ತಗ್ಗಿನಲ್ಲಿ ನೀರು ನಿಂತ ಭಾಗವಷ್ಟೇ ಕೆಂಪಾದರೆ, ಬೇರುಗಳಿಗೆ ಗಾಳಿಯಿಲ್ಲದ್ದೇ ಕಾರಣವು.

ಮೇಲಿನ ಯಾವದೂ ಇಲ್ಲದೆ ಚಳಿಯು ಬಲಿತಾಗ ಹೊಲವೆಲ್ಲ ಒಮ್ಮೆಲೆ ಕೆಂಪೇರಿದರೆ, ತಂಪು ರಾತ್ರಿಗಳೂ ಕಾಯಿಭಾರವೂ ಕಾರಣವೆಂದು ತಿಳಿಯಬೇಕು.

೪. ಉಪಾಯಗಳು

ಕಾರಣಕ್ಕೆ ತಕ್ಕ ಉಪಾಯವನ್ನು ಮಾಡತಕ್ಕದ್ದು. ಮ್ಯಾಗ್ನೀಸಿಯಂ ಕೊರತೆಗೆ ಲೀಟರ ನೀರಿಗೆ 10 ಗ್ರಾಮ ಮ್ಯಾಗ್ನೀಸಿಯಂ ಸಲ್ಫೇಟನ್ನು ಕರಗಿಸಿ, ಬಿತ್ತಿದ 90ನೆಯ ಮತ್ತು 110ನೆಯ ದಿನಗಳ ಸುಮಾರಿಗೆ ಎಲೆಗಳಿಗೆ ಸಿಂಪಡಿಸಬೇಕು. ವರುಷವೂ ಕೆಂಪು ಬರುವ ಹೊಲಕ್ಕೆ ಎಕರೆಗೆ 10 ಕಿಲೋಗ್ರಾಮನ್ನು ಬಿತ್ತನೆಯ ಕಾಲದಲ್ಲಿ ಮಣ್ಣಿಗೆ ಸೇರಿಸುವದು ಮೇಲು. ಸಾರಜನಕದ ಕೊರತೆಗೆ ಲೀಟರಿಗೆ 20 ಗ್ರಾಮ ಯೂರಿಯಾ ಸಾಕು. ಬಿಸಿಲು ಇಳಿದ ಮೇಲೆ ಸಿಂಪಡಿಸಬೇಕು. ನಿಂತ ನೀರನ್ನು ಕಾಲುವೆ ತೆಗೆದು ಹರಿಯಗೊಡಬೇಕು. ಜಿಗಿಹುಳುಗಳಿದ್ದಲ್ಲಿ ಮಾತ್ರವೇ ಕೀಟನಾಶಕವು. ಅದನ್ನೂ ರೈತ ಸಂಪರ್ಕ ಕೇಂದ್ರದಲ್ಲಾಗಲಿ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ಕೇಳಿಯೇ ಉಪಯೋಗಿಸುವದು. ಪೂರ್ತಿ ಕೆಂಪಾದ ಎಲೆಯು ಮತ್ತೆ ಹಸಿರಾಗುವದು ದುರ್ಲಭ. ಆದಕಾರಣ ಹೊಲದ ಮೂಲೆಯಲ್ಲಿ ಮೊದಲ ಕೆಂಪು ತೋರಿದಾಗಲೇ ಎಚ್ಚರಪಡಬೇಕು.

೫. ಉದುರಿದ ಎಲೆಯ ಸದ್ವಿನಿಯೋಗ

ಗಿಡವು ಎಷ್ಟು ಸತ್ವವನ್ನು ಹಿಂದೆ ಸೆಳೆದುಕೊಂಡರೂ ಸುಣ್ಣವೇ ಮೊದಲಾದ ಬಹಳಷ್ಟು ಅಂಶವು ಉದುರಿದ ಎಲೆಯಲ್ಲಿಯೇ ಉಳಿಯುವದು. ಅದನ್ನು ಸುಟ್ಟರೆ ಸಾರಜನಕವೆಲ್ಲ ಹೊಗೆಯಾಗಿ ಹೋಗುವದು. ಬದುವಿನ ಮತ್ತು ಹಿತ್ತಲಿನ ಎಲೆಗಳನ್ನು ತಿಪ್ಪೆಯಲ್ಲಿ ಸಗಣಿಯೊಡನೆ ಪದರುಪದರಾಗಿ ಹರವಿ ನೀರು ಚಿಮುಕಿಸಿದರೆ ಒಳ್ಳೆಯ ಗೊಬ್ಬರವಾಗುವದು. ಮಸಾರಿ ಭೂಮಿಗೆ ಇದು ತೇವ ಹಿಡಿಯುವ ಶಕ್ತಿಯನ್ನೂ ಕೊಡುವದು. ಗುಡ್ಡದ ಎಲೆಗಳನ್ನಾದರೋ ಅಲ್ಲಿಯೇ ಬಿಡತಕ್ಕದ್ದು. ಅವು ಕೊಳೆತು ಮಳೆಯ ನೀರನ್ನು ಹಿಂಗಿಸುವವು. ಆ ನೀರೇ ಅಡಿವಾರದ ಬಾವಿಗಳಿಗೆ ಆಧಾರವು. ಬೇಸಗೆಯಲ್ಲಿ ಒಂದು ಬೀಡಿಯ ಕಿಡಿಯಿಂದ ಆ ಒಣ ಎಲೆಗಳೆಲ್ಲ ಉರಿದುಹೋಗಬಹುದೆಂಬದನ್ನು ಮರೆಯಲಾಗದು.

ಸಾರಾಂಶ: ಗುಡ್ಡದ ಕೆಂಪು ಋತುಧರ್ಮವು, ಎಳೆಗಾಯಿಯ ಹತ್ತಿಯ ಕೆಂಪು ಕೊರತೆಯ ಕೂಗು. ಮೊದಲನೆಯದನ್ನು ನೋಡಿ ಆನಂದಿಸಬೇಕು. ಎರಡನೆಯದನ್ನು ಎಲೆ ಮಗುಚಿ ಪರೀಕ್ಷಿಸಿ, ಕಾರಣವನ್ನರಿತು, ಕಾಲಕ್ಕೆ ಸರಿಯಾಗಿ ಉಪಚರಿಸಬೇಕು.