ಹಳೆ ಕಾರಿನ ಪೇಂಟಿಂಗ್, ರಾತ್ರಿಯ ಕೆಮ್ಮು

ಪ್ರಶ್ನೆ: ನನಗೆ 41 ವರ್ಷ. ಅಪ್ಪ ಓಡಿಸುತ್ತಿದ್ದ 1984ರ ಪ್ರೀಮಿಯರ್ ಪದ್ಮಿನಿಯನ್ನು ಮನೆಯ ಶೆಡ್ಡಿನಲ್ಲಿ ನಾನೇ ಸರಿಮಾಡುತ್ತಿದ್ದೇನೆ. ಹಳೆ ಬಣ್ಣ, ತುಕ್ಕು ಉಜ್ಜಿ ಪುಟ್ಟಿ ಹಚ್ಚಿದ್ದಾಯಿತು. ಈಗ ಹಾರ್ಡನರ್ ಬೆರೆಸಿದ ಟು-ಕೆ ಪ್ರೈಮರ್ ಸ್ಪ್ರೇ ಮಾಡುತ್ತಿದ್ದೇನೆ. ಕೆಲಸದ ಹೊತ್ತಿನಲ್ಲಿ ಏನೂ ಆಗುವುದಿಲ್ಲ. ಅದೇ ರಾತ್ರಿ ಒಣಕೆಮ್ಮು, ಎದೆ ಬಿಗಿತ. ಎರಡು ದಿನ ಶೆಡ್ಡಿಗೆ ಹೋಗದಿದ್ದರೆ ಆರಾಮ. ಎನ್-95 ಮಾಸ್ಕ್ ಹಾಕಿಕೊಂಡೇ ಇರುತ್ತೇನೆ. ಇದು ಧೂಳಿನ ಅಲರ್ಜಿಯೇ? ಮನೆಯಲ್ಲಿ ಮೂರು ವರ್ಷದ ಮಗಳಿದ್ದಾಳೆ.
– ಹೆಸರು ಬೇಡ, ಹಾಸನ

ಉತ್ತರ: ಮೊದಲು ಸ್ಪ್ರೇ ಗನ್ ಕೆಳಗಿಡಿ. ಕೆಮ್ಮು ಬರುವ ಹೊತ್ತೇ ನನಗೆ ಆತಂಕ ತಂದಿದೆ. ಧೂಳಿನ ಕಿರಿಕಿರಿ ಸಾಮಾನ್ಯವಾಗಿ ಉಜ್ಜುವಾಗಲೇ ಶುರುವಾಗುತ್ತದೆ. ಸ್ಪ್ರೇ ಮಾಡಿ ಗಂಟೆಗಳು ಕಳೆದ ಮೇಲೆ, ರಾತ್ರಿ ಎದೆ ಬಿಗಿಯುವುದು, ಬಿಡುವು ಕೊಟ್ಟರೆ ಸರಿಹೋಗುವುದು ಹಾರ್ಡನರ್‌ನಲ್ಲಿರುವ ಐಸೊಸಯನೇಟ್‌ನಿಂದ ಬರುವ ಅಸ್ತಮಾದ ಲಕ್ಷಣ. ಇದಕ್ಕೆ ದೇಹ ಒಮ್ಮೆ ಒಗ್ಗದಾಯಿತೆಂದರೆ ಆಮೇಲೆ ಅತಿ ಸಣ್ಣ ಪ್ರಮಾಣವೂ ಉಸಿರು ಕಟ್ಟಿಸಬಲ್ಲದು. ವಾಸನೆ ಬರಲಿಲ್ಲವೆಂದು ಧೈರ್ಯ ತಂದುಕೊಳ್ಳುವಂತಿಲ್ಲ. ಮೂಗಿಗೆ ತಿಳಿಯುವ ಮೊದಲೇ ಅದು ಅಪಾಯದ ಮಟ್ಟ ದಾಟಿರುತ್ತದೆ.

ಎನ್-95 ಕಣಗಳನ್ನು ತಡೆಯುತ್ತದೆ, ಆವಿಯನ್ನು ತಡೆಯುವುದಿಲ್ಲ. ಕಾರ್ಟ್ರಿಜ್ ಇರುವ ಮಾಸ್ಕ್ ಅದಕ್ಕಿಂತ ವಾಸಿ, ಆದರೆ ಗಡ್ಡವಿದ್ದರೆ ಅದು ಮುಖಕ್ಕೆ ಕೂರುವುದಿಲ್ಲ. ಟು-ಕೆ ಬಣ್ಣ ಹೊಡೆಯುವವರಿಗೆ ಬೇಕಾದದ್ದು ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ತರುವ ಮಾಸ್ಕ್ ಮತ್ತು ಗಾಳಿ ಎಳೆದುಹಾಕುವ ಬೂತ್. ಮನೆಯ ಶೆಡ್ಡಿನಲ್ಲಿ ಇವೆರಡೂ ಆಗದ ಮಾತು. ಡೆಂಟ್ ತೆಗೆಯುವುದು, ಪುಟ್ಟಿ ಸಮ ಮಾಡುವುದು, ವಾಟರ್ ಪೇಪರ್ ಹೊಡೆಯುವುದು ನಿಮ್ಮ ಕೈಯಲ್ಲೇ ಇರಲಿ. ಇನ್ನು ಮುಂದಿನ ಸ್ಪ್ರೇ ಕೆಲಸವನ್ನೆಲ್ಲ ಬೂತ್ ಇರುವ ಗ್ಯಾರೇಜಿಗೆ ಬಿಟ್ಟುಕೊಡಿ. ಅಪ್ಪನ ಕಾರನ್ನು ಕೊನೆಯವರೆಗೂ ನಾನೇ ಮುಗಿಸಬೇಕು ಎಂಬ ಆಸೆ ನನಗೆ ಅರ್ಥವಾಗುತ್ತದೆ. ಆದರೂ ಇಷ್ಟನ್ನು ಬಿಡಲೇಬೇಕು.

ಶ್ವಾಸಕೋಶ ತಜ್ಞರನ್ನು ಕಂಡು ಸ್ಪೈರೋಮೆಟ್ರಿ ಮಾಡಿಸಿ. ಸ್ಪ್ರೇ ಮಾಡಿದ ದಿನಗಳ ಕೆಮ್ಮಿನ ವಿವರವನ್ನೂ ಹಾರ್ಡನರ್ ಡಬ್ಬಿಯ ಲೇಬಲ್ಲಿನ ಫೋಟೊವನ್ನೂ ಜೊತೆಗೆ ಒಯ್ಯಿರಿ. ಕಾರಣ ಗೊತ್ತಿಲ್ಲದೆ ಬರೀ ಕೆಮ್ಮಿನ ಸಿರಪ್ ಕುಡಿಯುತ್ತಾ ಕೂತರೆ ಕಾಯಿಲೆ ಶಾಶ್ವತವಾಗಿ ಉಳಿದುಬಿಡಬಹುದು.

ಮಗಳ ವಿಷಯ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. 1984ರ ಕಾರಿನ ಹಳೆ ಪದರಗಳಲ್ಲಿ ಸೀಸ ಇದೆಯೆಂದೇ ಎಣಿಸಿ ನಡೆದುಕೊಳ್ಳಿ. ಒಣಗಿದ್ದಾಗ ಉಜ್ಜಬೇಡಿ, ನೀರು ಹಾಕಿಯೇ ಉಜ್ಜಿ. ಕೆಸರು ಒಣಗಿ ಪುಡಿಯಾಗುವ ಮೊದಲೇ ಒರೆಸಿ ತೆಗೆಯಿರಿ, ಪೊರಕೆಯಿಂದ ಗುಡಿಸಬೇಡಿ. ಕೆಲಸದ ಬಟ್ಟೆ, ಚಪ್ಪಲಿ ಶೆಡ್ಡಿನಲ್ಲೇ ಬಿಟ್ಟು, ಸ್ನಾನ ಮಾಡಿದ ಮೇಲೆ ಮಗುವನ್ನು ಎತ್ತಿಕೊಳ್ಳಿ. ಈಗಾಗಲೇ ಸಾಕಷ್ಟು ಉಜ್ಜಿದ್ದೀರಿ, ಹಾಗಾಗಿ ಮಕ್ಕಳ ವೈದ್ಯರಿಗೆ ಹೇಳಿ ಅವಳ ರಕ್ತದಲ್ಲಿನ ಸೀಸದ ಪ್ರಮಾಣ ನೋಡಿಸಿ. ಸೀಸ ಏರಿದ್ದರೂ ಮಗು ಹೊರನೋಟಕ್ಕೆ ಆಡಿಕೊಂಡು ಚೆನ್ನಾಗಿಯೇ ಇರಬಹುದು.

ಕೈಗೆ ಹತ್ತಿದ ಬಣ್ಣವನ್ನು ಥಿನ್ನರ್‌ನಿಂದ ತೊಳೆಯುವ ಅಭ್ಯಾಸವಿದ್ದರೆ ಬಿಡಿ. ಚರ್ಮದ ಜಿಡ್ಡೆಲ್ಲ ಹೋಗಿ ಬಿರುಕು ಬಿಡುತ್ತದೆ, ಥಿನ್ನರ್ ಸ್ವಲ್ಪ ಮೈಯೊಳಗೂ ಇಳಿಯುತ್ತದೆ. ಸ್ವಲ್ಪ ಅಡುಗೆ ಎಣ್ಣೆ ತಿಕ್ಕಿ, ಸೋಪಿನಿಂದ ತೊಳೆದರೆ ಸಾಕು.

ಒಂದು ವಾಕ್ಯ ಮುಗಿಸಲೂ ಆಗದಷ್ಟು ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ, ಬೆಳಗಾಗಲಿ ಎಂದು ಕಾಯದೆ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ. ಅಂಥ ಹೊತ್ತಿನಲ್ಲಿ ನೀವೇ ಗಾಡಿ ಓಡಿಸಬೇಡಿ, 108ಕ್ಕೆ ಕರೆ ಮಾಡಿ.