ಹಾಡಿನ ಪೆಟ್ಟಿಗೆ ಜೋಪಾನ

ನಮ್ಮ ಮನೆಗಳಲ್ಲಿ ಹಾಡಿನ ಪೆಟ್ಟಿಗೆ ಇದೆ. ಅದೇ ಸ್ಪೀಕರ್. ಕೂಲಿ ಹಣ ಕೂಡಿಟ್ಟು ತಂದದ್ದು. ಹಬ್ಬಕ್ಕೆ ಬೇಕು, ಸೀಮಂತಕ್ಕೆ ಬೇಕು, ಬೀಡಿ ಕಟ್ಟುವಾಗಲೂ ಬೇಕು. ಆದರೆ "ನಿಮಗೆ ಗೊತ್ತಾಗಲ್ಲ, ಮುಟ್ಟಬೇಡಿ" ಅಂತಾರೆ. ಕೆಟ್ಟರೆ "ಯಾರು ಮುಟ್ಟಿದ್ದು?" ಅಂತ ನಮ್ಮನ್ನೇ ಕೇಳ್ತಾರೆ. ಅದಕ್ಕೇ ನಾವೇ ತಿಳಿಯೋಣ.

ಒಳಗೆ ಏನಿದೆ?

ಪೆಟ್ಟಿಗೆಯ ಒಳಗೆ ಅಯಸ್ಕಾಂತ ಇದೆ. ಅದರ ಸಂದಿಯಲ್ಲಿ ಸಣ್ಣ ತಂತಿಯ ಸುರುಳಿ ಇದೆ. ಎಣ್ಣೆ ಸುರಿಯುವ ಆಲಿಕೆ ನೋಡಿದ್ದೇವೆ. ಅದೇ ಆಕಾರದ ಕಾಗದ ಸುರುಳಿಗೆ ಅಂಟಿರುತ್ತದೆ. ವಿದ್ಯುತ್ ಹರಿದಾಗ ಸುರುಳಿ ಹಿಂದೆ ಮುಂದೆ ಆಡುತ್ತದೆ. ಕಾಗದ ನಡುಗುತ್ತದೆ, ತಮಟೆಯ ಚರ್ಮ ನಡುಗಿದ ಹಾಗೆ. ಅದೇ ನಮಗೆ ಹಾಡಾಗಿ ಕೇಳುತ್ತದೆ.

ಯಾಕೆ ಕೆಡುತ್ತದೆ?

ಸದ್ದು ಅತಿಯಾಗಿ ಏರಿಸಿದರೆ ಸುರುಳಿ ಕಾಯುತ್ತದೆ. ಕಾದು ಕಾದು ಸುಟ್ಟು ಹೋಗುತ್ತದೆ. ಕಾಗದವೂ ಹರಿಯಬಹುದು. ಆದರೆ ಬಹಳ ಸಲ ಪೆಟ್ಟಿಗೆ ಮೊದಲೇ ಹೇಳುತ್ತದೆ. ಹಾಡು ಒಡೆದ ಹಾಗೆ ಕೇಳುತ್ತದೆ. ಗರಗರ ಅನ್ನುತ್ತದೆ. ಹಾಲು ಉಕ್ಕಿ ಬಂದಾಗ ಏನು ಮಾಡ್ತೇವೆ? ಉರಿ ಇಳಿಸ್ತೇವೆ. ಇಲ್ಲೂ ಹಾಗೆಯೇ. ಕೂಡಲೇ ಸದ್ದು ಇಳಿಸಬೇಕು.

ಹೀಗೆ ಮಾಡೋಣ

1. ಸ್ವಿಚ್ ಹಾಕುವ ಮೊದಲು ಸದ್ದು ಪೂರ್ತಿ ಇಳಿಸೋಣ. ಆಮೇಲೆ ನಿಧಾನವಾಗಿ ಏರಿಸೋಣ.

2. ತಂತಿ ಸೇರಿಸುವಾಗ, ಬಿಡಿಸುವಾಗ ಸ್ವಿಚ್ ಆರಿಸೋಣ. ತಂತಿಯ ಬರಿಯ ತುದಿಗಳು ಒಂದಕ್ಕೊಂದು ತಾಗಬಾರದು. ತಾಗಿದರೆ ಹಾಡು ಕಳಿಸುವ ಆಂಪ್ಲಿಫೈಯರ್ ಕೆಡಬಹುದು.

3. ಆಲಿಕೆ ಕಾಗದವನ್ನು ಬೆರಳಿನಿಂದ ಒತ್ತಬಾರದು. ಮಕ್ಕಳಿಗೂ ಹೇಳೋಣ.

4. ಒದ್ದೆ ಬಟ್ಟೆ ಬೇಡ. ಒಣ ಬಟ್ಟೆಯಿಂದ ಪೆಟ್ಟಿಗೆಯ ಹೊರಗಿನ ಧೂಳು ಒರೆಸೋಣ.

5. ಬಿಸಿಲು, ಒಲೆ, ನೀರು ಸೋರುವ ಗೋಡೆ ಇವುಗಳಿಂದ ದೂರ ಇಡೋಣ.

6. ಗುಡುಗು ಸಿಡಿಲಿನ ಮಳೆಗೆ ಮೋಡ ಕಟ್ಟಿದಾಗಲೇ ಪ್ಲಗ್ ಕಿತ್ತಿಡೋಣ.

ಅಂಕಿ ಓದೋಣ

ತಂತಿ ಸೇರಿಸುವ ದೊಡ್ಡ ಪೆಟ್ಟಿಗೆಯ ಹಿಂದೆ ಬರಹ ಇರುತ್ತದೆ. 20 ವ್ಯಾಟ್, 8 ಓಮ್ ಎಂದು ಇರಬಹುದು. ಅಕ್ಷರ ಇಂಗ್ಲಿಷಿನದು. ಆದರೆ ಅಂಕಿ ನಮಗೆ ಬರುತ್ತದಲ್ಲ! ವ್ಯಾಟ್ ಅಂದರೆ ಪೆಟ್ಟಿಗೆ ತಾಳುವ ಶಕ್ತಿ. ಓಮ್ ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ. 8 ಓಮ್ ಇದ್ದ ಕಡೆ 4 ಓಮ್ ಪೆಟ್ಟಿಗೆ ಹಾಕಿದರೆ ಆಂಪ್ಲಿಫೈಯರ್ ಕಾದು ಕೆಡಬಹುದು. ಅಂಗಡಿಗೆ ಹೋಗುವಾಗ ಹಳೆಯ ಪೆಟ್ಟಿಗೆಯ ಅಂಕಿ ಬರೆದುಕೊಂಡು ಹೋಗೋಣ. ನಾವೇ ಓದಿ, ನಾವೇ ಕೇಳಿ ಕೊಳ್ಳೋಣ. ಆಗ ದುಡ್ಡೂ ಉಳಿಯುತ್ತದೆ, ಮಾತೂ ಉಳಿಯುತ್ತದೆ.

ನಮ್ಮ ಮನೆಯ ಪೆಟ್ಟಿಗೆ ನೋಡಿ ಬರೆಯೋಣ:

ವ್ಯಾಟ್ ............  ಓಮ್ ............